ಎಂಟು ಟ್ರ್ಯಾಕ್‌ನ ಜಾಝ್-ಫಂಕ್ ಆಲ್ಬಮ್, ಲೇಬಲ್ ಇಲ್ಲ, ಏಳು ವಾದಕರು: ಪಾಲು, ಫೈಲು, ವಿನೈಲ್ ಹೇಗೆ?

ಘೋಸ್ಟ್‌ನೋಟ್

ಲೇಬಲ್ ಇಲ್ಲದೆ ಸ್ವಂತವಾಗಿ ಹೊರತರಬೇಕಿರುವ ಆಲ್ಬಮ್‌ನ ವಿವರ ಇದು. ಎಂಟು ಟ್ರ್ಯಾಕ್, ಒಟ್ಟು 46 ನಿಮಿಷ. ಡ್ರಮ್ಸ್, ಬೇಸ್, ಕೀಬೋರ್ಡ್, ಗಿಟಾರ್ ನಾಲ್ವರೂ ಸ್ಟುಡಿಯೋದಲ್ಲಿ ಒಟ್ಟಿಗೆ ನುಡಿಸುತ್ತಾರೆ. ಟ್ರಂಪೆಟ್, ಟೆನರ್ ಸ್ಯಾಕ್ಸ್, ಟ್ರಾಂಬೋನ್‌ನವರು ತಂತಮ್ಮ ಜಾಗದಲ್ಲೇ ರೆಕಾರ್ಡ್ ಮಾಡಿ ಫೈಲ್ ಕಳಿಸುತ್ತಾರೆ. ಒಂದು ಟ್ರ್ಯಾಕ್‌ಗೆ ಅತಿಥಿ ಗಾಯಕಿ ಇದ್ದಾರೆ, ಅವರಿಗೆ ಬೇರೆ ಲೇಬಲ್ ಜೊತೆ ಕರಾರಿದೆ. ಐದು ಟ್ಯೂನ್ ಕೀಬೋರ್ಡ್ ವಾದಕರದ್ದು, ಎರಡು ರಿಹರ್ಸಲ್‌ನಲ್ಲಿ ಜಾಮ್ ಮಾಡುತ್ತಾ ಹುಟ್ಟಿದವು, ಒಂದು ಹಳೆಯ ಸ್ಟ್ಯಾಂಡರ್ಡ್ (ಬೇರೆಯವರು ಬರೆದ, ಎಲ್ಲರೂ ನುಡಿಸುವ ಜಾಝ್ ಟ್ಯೂನ್). ಖರ್ಚೆಲ್ಲ ಕೀಬೋರ್ಡ್ ವಾದಕರದ್ದೇ.

ಯಾರಿಗೆ ಎಷ್ಟು ಪಾಲು, ಯಾವಾಗ ಬರೆದಿಡಬೇಕು? ಹಾರ್ನ್ (ಆ ಮೂರು ಊದುವ ವಾದ್ಯಗಳ) ಫೈಲ್‌ಗಳು ಗ್ರೂವ್‌ಗೆ, ಅಂದರೆ ನಾಲ್ವರು ಹಿಡಿದ ಲಯಕ್ಕೆ, ಸರಿಯಾಗಿ ಕೂರಬೇಕಾದರೆ ಅವರಿಗೆ ಏನೇನು ಕಳಿಸಬೇಕು? 46 ನಿಮಿಷ ಒಂದೇ ವಿನೈಲ್‌ನಲ್ಲಿ ಹಿಡಿಸುತ್ತದೆಯೇ? ಬಿಡುಗಡೆಯ ದಿನದಿಂದ ಹಿಂದಕ್ಕೆ ಎಣಿಸಿದರೆ ಯಾವ ಕೆಲಸ ಯಾವಾಗ ಮುಗಿದಿರಬೇಕು?

ಲೆಡ್ಜರ್‌ಲೈನ್

ಪಾಲಿನ ವಿಷಯ ಮೊದಲು. ಉಳಿದ ಎಡವಟ್ಟುಗಳಿಗೆ ಮಿಕ್ಸ್‌ನಲ್ಲಾದರೂ ತೇಪೆ ಹಾಕಬಹುದು, ಇದಕ್ಕೆ ಆಗುವುದಿಲ್ಲ.

ಟ್ಯೂನ್ ಬೇರೆ, ಆ ಟ್ಯೂನಿನ ಈ ರೆಕಾರ್ಡಿಂಗ್ ಬೇರೆ. ಎರಡಕ್ಕೂ ಪ್ರತ್ಯೇಕ ಹಕ್ಕು, ಪ್ರತ್ಯೇಕ ದುಡ್ಡು. ಹಾಗಾಗಿ ಪ್ರತಿ ಟ್ರ್ಯಾಕ್‌ಗೂ ಒಂದೇ ಹಾಳೆಯಲ್ಲಿ ಎರಡು ಕಾಲಂ ಹಾಕಿ. ಒಂದು ರಚನೆಗೆ, ಇನ್ನೊಂದು ಮಾಸ್ಟರ್‌ಗೆ, ಅಂದರೆ ಆ ರೆಕಾರ್ಡಿಂಗ್‌ಗೆ. ಎರಡರ ಮೊತ್ತವೂ ತಲಾ 100 ಆಗಬೇಕು. ಸಹಿ ಬೀಳಬೇಕಾದದ್ದು ಕೊನೆಯ ಟೇಕ್ ಮುಗಿದ ದಿನವೇ, ನಾಲ್ವರೂ ಇನ್ನೂ ಸ್ಟುಡಿಯೋದಲ್ಲಿರುವಾಗ. ಮಿಕ್ಸ್ ಕೇಳಿದ ಮೇಲೆ ಪ್ರತಿಯೊಬ್ಬರಿಗೂ ತಮ್ಮ ಭಾಗವೇ ದೊಡ್ಡದಾಗಿ ಕೇಳಿಸುತ್ತದೆ.

ಕೀಬೋರ್ಡ್‌ನವರ ಐದು ಟ್ಯೂನ್ ಸುಲಭ ಅನ್ನಿಸಬಹುದು. ಆದರೆ ಫಂಕ್‌ನಲ್ಲಿ ಒಂದು ತೊಡಕಿದೆ: ಬೇಸ್ ಲೈನೇ ಹಾಡಾಗಿರುತ್ತದೆ. ಚಾರ್ಟ್‌ನಲ್ಲಿ (ವಾದಕರಿಗೆ ಕೊಡುವ ಸ್ವರಲಿಪಿ) ಬರೀ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗುಚ್ಛ) ಹೆಸರು ಬರೆದು ಕೊಟ್ಟು, ಬೇಸ್‌ನವರು ಕಟ್ಟಿದ ನಾಲ್ಕು ಬಾರ್‌ನ ಲೈನ್ ಮೇಲೆ ಇಡೀ ಟ್ಯೂನ್ ನಿಂತಿದ್ದರೆ ಅವರಿಗೂ ರಚನೆಯಲ್ಲಿ ಪಾಲು ಸಲ್ಲಬೇಕು. ಹರ್ಬಿ ಹ್ಯಾನ್‌ಕಾಕ್ ಅವರ 1973ರ 'ಹೆಡ್ ಹಂಟರ್ಸ್' ಆಲ್ಬಮ್‌ನ 'ಕಮೀಲಿಯನ್' ನೋಡಿ. ರಚನಕಾರರಾಗಿ ಹ್ಯಾನ್‌ಕಾಕ್ ಜೊತೆಗೆ ಬೇಸ್‌ನ ಪಾಲ್ ಜಾಕ್ಸನ್, ಸ್ಯಾಕ್ಸ್‌ನ ಬೆನ್ನಿ ಮಾಪಿನ್, ಡ್ರಮ್ಸ್‌ನ ಹಾರ್ವಿ ಮೇಸನ್ ಹೆಸರೂ ಇದೆ. ಇದಕ್ಕೆ ತದ್ವಿರುದ್ಧವಾದದ್ದು ಜೇಮ್ಸ್ ಬ್ರೌನ್ ಅವರ 'ಫಂಕಿ ಡ್ರಮ್ಮರ್'. 1969ರಲ್ಲಿ ಕ್ಲೈಡ್ ಸ್ಟಬಲ್‌ಫೀಲ್ಡ್ ನುಡಿಸಿದ ಆ ಬ್ರೇಕ್ (ಬರೀ ಡ್ರಮ್ಸ್ ಕೇಳಿಸುವ ತುಣುಕು) ಮುಂದೆ ನೂರಾರು ಹಿಪ್‌ಹಾಪ್ ಹಾಡುಗಳಿಗೆ ಸ್ಯಾಂಪಲ್ ಆಯಿತು, ಅಂದರೆ ಅದನ್ನು ಕತ್ತರಿಸಿ ಬಳಸಿಕೊಂಡರು. ಅವರ ಹೆಸರು ರಚನಕಾರರ ಪಟ್ಟಿಯಲ್ಲಿ ಇಲ್ಲದ್ದರಿಂದ ಆ ಬಾಬ್ತಿನ ರಾಯಲ್ಟಿ ಅವರ ಕೈ ಸೇರಲಿಲ್ಲ. ಅದಕ್ಕೇ ಹಾಳೆಯಲ್ಲಿ ಇನ್ನೊಂದು ಸಾಲು ಇರಲಿ: ಈ ಟ್ರ್ಯಾಕ್‌ನಿಂದ ಬರೀ ಡ್ರಮ್ಸ್ ಅಥವಾ ಬರೀ ಬೇಸ್ ಸ್ಯಾಂಪಲ್ ಆದರೆ ಬಂದ ಹಣದಲ್ಲಿ ಆ ವಾದಕರಿಗೆ ಶೇಕಡಾ ಎಷ್ಟು, ಒಪ್ಪಿಗೆ ಕೊಡುವವರು ಯಾರು.

ಜಾಮ್‌ನಲ್ಲಿ ಹುಟ್ಟಿದ ಎರಡಕ್ಕೆ ನಾಲ್ವರಿಗೂ ತಲಾ 25. ಚೌಕಾಸಿ ಬೇಡ. ಆ ರಿಹರ್ಸಲ್‌ನ ಫೋನ್ ರೆಕಾರ್ಡಿಂಗ್ ಇದ್ದರೆ ತಾರೀಖು ಹಾಕಿ ಇಟ್ಟುಕೊಳ್ಳಿ. ಹಾರ್ನ್‌ನವರು ಆಮೇಲೆ ಬಂದವರು. ಇರುವ ಮೆಲಡಿಗೆ ಹಾರ್ಮನಿ ಸೇರಿಸಿದ್ದರೆ ಅದು ಅರೇಂಜ್‌ಮೆಂಟ್, ಒಂದೇ ಸಲದ ಸಂಭಾವನೆ ಸಾಕು. ಕೇಳುಗರು ಗುನುಗುವ ಲೈನೇ ಹಾರ್ನ್‌ನವರದ್ದಾದರೆ ರಚನೆಯಲ್ಲಿ ಪಾಲು ಕೊಡಿ. ಸೋಲೋ ಎಷ್ಟೇ ಚೆನ್ನಾಗಿ ಬಂದಿದ್ದರೂ ವಾಡಿಕೆಯಲ್ಲಿ ಅದಕ್ಕೆ ರಚನೆಯ ಪಾಲು ಇರುವುದಿಲ್ಲ.

ಮಾಸ್ಟರ್‌ಗೆ ಹೀಗೆ ಮಾಡಬಹುದು. ಖರ್ಚು ಹಾಕಿದವರಿಗೆ ಖರ್ಚು ಪೂರ್ತಿ ವಾಪಸಾಗುವವರೆಗೆ ಬಂದದ್ದೆಲ್ಲ ಅವರಿಗೇ. ಆಮೇಲೆ ಅವರಿಗೆ 55, ಉಳಿದ ಮೂವರಿಗೆ ತಲಾ 15. ಇಲ್ಲಿ ಜಗಳ ಹುಟ್ಟುವುದು 'ಖರ್ಚು' ಅನ್ನುವ ಪದದಲ್ಲಿ. ಸ್ಟುಡಿಯೋ, ಮಿಕ್ಸ್, ಮಾಸ್ಟರಿಂಗ್, ಕವರ್, ಪ್ರೆಸ್ಸಿಂಗ್ ಸೇರುತ್ತವೆಯೇ? ಹೊಸ ಮೈಕ್ ಕೊಂಡಿದ್ದರೆ ಅದೂ ಸೇರುತ್ತದೆಯೇ? ಸೇರುವ ಬಾಬ್ತುಗಳನ್ನು ಹೆಸರು ಹಿಡಿದು ಬರೆಯಿರಿ, ಆರು ತಿಂಗಳಿಗೊಮ್ಮೆ ಲೆಕ್ಕ ಕಳಿಸುವುದನ್ನೂ ಬರೆಯಿರಿ.

ಸ್ಟ್ಯಾಂಡರ್ಡ್‌ನ ರಚನೆಯಲ್ಲಿ ನಿಮಗೇನೂ ಸಿಗದು. ಸಿ.ಡಿ., ವಿನೈಲ್‌ಗೆ ಪ್ರತಿಗಳ ಎಣಿಕೆಯ ಮೇಲೆ ಮೆಕ್ಯಾನಿಕಲ್ ಪರವಾನಗಿ (ಬೇರೆಯವರ ರಚನೆಯ ಪ್ರತಿ ಮಾಡುವ ಅನುಮತಿ) ಬೇಕು, ಅದೂ ಪ್ರೆಸ್ಸಿಂಗ್‌ಗೆ ಮುಂಚೆಯೇ. ಫಂಕ್ ಬೀಟ್‌ಗೆ ಹೊಂದಿಸುವುದು ಅರೇಂಜ್‌ಮೆಂಟ್ ಆಯಿತು, ತೊಂದರೆಯಿಲ್ಲ. ಹೊಸ ಸಾಹಿತ್ಯ ಸೇರಿಸಿದರೆ ಪ್ರಕಾಶಕರ ಪ್ರತ್ಯೇಕ ಒಪ್ಪಿಗೆ ಬೇಕು. ಬೀಬಾಪ್ ಅನ್ನುವ ಜಾಝ್ ಶೈಲಿಯವರು ಹಿಡಿದ ದಾರಿ ಬೇರೆ: ಕಾರ್ಡ್‌ಗಳನ್ನು ಉಳಿಸಿಕೊಂಡು ಹೊಸ ಮೆಲಡಿ ಬರೆಯುತ್ತಿದ್ದರು. ಸ್ಯಾಕ್ಸ್ ವಾದಕ ಚಾರ್ಲಿ ಪಾರ್ಕರ್ ಅವರ 1945ರ 'ಕೋ-ಕೋ' ನಿಂತಿರುವುದು 'ಚೆರೋಕಿ'ಯ ಕಾರ್ಡ್‌ಗಳ ಮೇಲೆ.

ಗಾಯಕಿಯ ಲೇಬಲ್‌ನಿಂದ ಲಿಖಿತ ಒಪ್ಪಿಗೆ ಸಿಗುವವರೆಗೆ ಅವರ ಧ್ವನಿ ರೆಕಾರ್ಡ್ ಮಾಡಬೇಡಿ. ಅದರಲ್ಲಿ ಮೂರು ಅಂಶ ಸ್ಪಷ್ಟವಿರಲಿ: ಯಾವ ಟ್ರ್ಯಾಕ್, ಸಿಂಗಲ್ ಆಗಿ ಬಿಡಬಹುದೇ, ಕವರ್ ಮೇಲೆ ಹೆಸರು ಎಷ್ಟು ದೊಡ್ಡದಾಗಿ ಹಾಕಬಹುದು. ಈ ತಲೆನೋವು ಹಳೆಯದು. 1953ರ ಮೇ 15ರಂದು ಟೊರಾಂಟೊದ ಮ್ಯಾಸಿ ಹಾಲ್‌ನಲ್ಲಿ ನಡೆದ ಕಛೇರಿಯನ್ನು ಚಾರ್ಲ್ಸ್ ಮಿಂಗಸ್ ಮತ್ತು ಮ್ಯಾಕ್ಸ್ ರೋಚ್ ತಮ್ಮ ಸ್ವಂತ ಲೇಬಲ್ ಡೆಬ್ಯೂದಿಂದ ಹೊರತಂದಾಗ, ಅಲ್ಲಿ ನುಡಿಸಿದ್ದ ಪಾರ್ಕರ್ ಅವರ ಕರಾರು ಬೇರೆ ಕಡೆ ಇತ್ತು ಅಂತ ಕವರ್ ಮೇಲೆ ಅವರ ಹೆಸರಿನ ಬದಲು 'ಚಾರ್ಲಿ ಚಾನ್' ಅಂತ ಹಾಕಿದ್ದರು. ಈಗ ಆ ಆಟ ನಡೆಯುವುದಿಲ್ಲ, ಫೈಲ್ ಅಪ್‌ಲೋಡ್ ಆದ ತಕ್ಷಣ ಹೊಂದಾಣಿಕೆ ಪತ್ತೆ ತಂತ್ರಾಂಶಗಳು ಕೆಲಸ ಶುರು ಮಾಡುತ್ತವೆ.

ಹಾರ್ನ್‌ಸೆಕ್ಷನ್

ಮ್ಯಾಸಿ ಹಾಲ್ ಮಾತು ಬಂದದ್ದು ಒಳ್ಳೆಯದಾಯಿತು. ಆ ರೆಕಾರ್ಡಿಂಗ್‌ನಲ್ಲಿ ಬೇಸ್ ಸರಿಯಾಗಿ ಕೇಳುತ್ತಿರಲಿಲ್ಲ, ಮಿಂಗಸ್ ಆಮೇಲೆ ಸ್ಟುಡಿಯೋದಲ್ಲಿ ತಮ್ಮ ಭಾಗವನ್ನು ಮೇಲಿಂದ ಮತ್ತೆ ನುಡಿಸಿ ಸೇರಿಸಬೇಕಾಯಿತು. ನಾಲ್ವರು ಒಂದೇ ಕೋಣೆಯಲ್ಲಿ ನುಡಿಸುವಾಗ ನಿಮ್ಮ ಬೇಸ್‌ಗೂ ಇದೇ ಗತಿ ಬರಬಹುದು. ಬೇಸ್ ಆಂಪ್ಲಿಫೈಯರ್ ಪಕ್ಕದ ಕೋಣೆಯಲ್ಲಿರಲಿ, ಜೊತೆಗೆ ಡಿಐ ಬಾಕ್ಸ್‌ನಿಂದ (ಮೈಕ್ ಇಲ್ಲದೆ ವಾದ್ಯದ ಸಿಗ್ನಲ್ ನೇರವಾಗಿ ತೆಗೆಯುವ ಪೆಟ್ಟಿಗೆ) ಒಂದು ಶುದ್ಧ ಲೈನ್ ತಪ್ಪದೆ ತೆಗೆದುಕೊಳ್ಳಿ. ಬೇಸ್ ಸದ್ದು ಡ್ರಮ್ಸ್ ಮೇಲಿನ ಓವರ್‌ಹೆಡ್ ಮೈಕ್‌ಗಳಿಗೆ ಸೋರಿದ್ದರೆ ಒಂದು ತಪ್ಪು ನೋಟ್ ತಿದ್ದಿದರೂ ಹಳೆಯದು ಹಿಂದಿನಿಂದ ಇಣುಕುತ್ತದೆ.

ಹಾರ್ನ್‌ನವರಿಗೆ ಕಳಿಸಬೇಕಾದ್ದು: 24 ಬಿಟ್, 48 ಕಿಲೋಹರ್ಟ್ಸ್ ವೇವ್ ಫೈಲ್‌ಗಳು, ಪ್ರತಿಯೊಂದೂ ಒಂದೇ ಸೊನ್ನೆ ಬಿಂದುವಿನಿಂದ ಶುರು. ಎರಡು ಬಾರ್ ಕೌಂಟ್-ಇನ್ ಅದರೊಳಗೇ ಇರಲಿ. ರಿದಮ್ ಸೆಕ್ಷನ್‌ನ ಸ್ಟೀರಿಯೊ ಮಿಕ್ಸ್ ಒಂದು, ಕ್ಲಿಕ್ (ತಾಳ ತೋರಿಸುವ ಟಿಕ್ ಟಿಕ್ ಸದ್ದು) ಬೇರೆ ಫೈಲ್, ಕೀಬೋರ್ಡ್‌ನಲ್ಲಿ ನುಡಿಸಿದ ಹಾರ್ನ್ ಗೈಡ್ ಬೇರೆ ಫೈಲ್. ಗೈಡ್ ಅನ್ನು ಮಿಕ್ಸ್‌ಗೇ ಸೇರಿಸಿ ಕಳಿಸಿದರೆ ವಾದಕರು ಅದರ ಮೇಲೇ ಒರಗಿಬಿಡುತ್ತಾರೆ, ಫ್ರೇಸಿಂಗ್ ಸತ್ತುಹೋಗುತ್ತದೆ. ವಾಪಸು ಬರುವ ಫೈಲ್‌ನಲ್ಲಿ ರಿವರ್ಬ್ ಬೇಡ, ಕಂಪ್ರೆಷನ್ ಬೇಡ, ಪ್ರತಿ ಭಾಗಕ್ಕೆ ಮೂರು ಪೂರ್ತಿ ಟೇಕ್ ಇರಲಿ.

ಸ್ಯಾಂಪಲ್ ರೇಟ್ (ಸೆಕೆಂಡಿಗೆ ಎಷ್ಟು ಸಲ ಸದ್ದನ್ನು ಅಳೆದಿದೆ ಅನ್ನುವುದು, ಮೇಲಿನ 48 ಕಿಲೋಹರ್ಟ್ಸ್) ಬಗ್ಗೆ ಎರಡು ಸಲ ಹೇಳಿ. 44.1ರಲ್ಲಿ ರೆಕಾರ್ಡ್ ಆದ ಫೈಲ್ ಪರಿವರ್ತನೆಯಿಲ್ಲದೆ 48ರ ಸೆಷನ್‌ಗೆ ಬಂದರೆ ಶೇ. 8.8 ವೇಗವಾಗಿ ಓಡುತ್ತದೆ, ಶ್ರುತಿ ಹೆಚ್ಚುಕಡಿಮೆ ಒಂದೂವರೆ ಸೆಮಿಟೋನ್ ಏರುತ್ತದೆ. ಇದು ಕೇಳಿದ ತಕ್ಷಣ ಗೊತ್ತಾಗುವ ತಪ್ಪು, ಹಾಗಾಗಿ ಅಪಾಯ ಕಡಿಮೆ.

ಗೊತ್ತಾಗದ ತಪ್ಪು ಲೇಟೆನ್ಸಿ, ಅಂದರೆ ರೆಕಾರ್ಡ್ ಮಾಡುವಾಗ ಕಂಪ್ಯೂಟರಿನಲ್ಲಾಗುವ ವಿಳಂಬ. ವಾದಕರ ತಂತ್ರಾಂಶದಲ್ಲಿ ವಿಳಂಬ ಸರಿದೂಗಿಸುವ ಸೆಟ್ಟಿಂಗ್ ತಪ್ಪಿದ್ದರೆ ಅವರು ಸರಿಯಾಗಿಯೇ ನುಡಿಸಿದ್ದರೂ ಫೈಲ್ 10-20 ಮಿಲಿಸೆಕೆಂಡ್ ತಡವಾಗಿ ಬಂದಿರುತ್ತದೆ. ನಿಮಿಷಕ್ಕೆ 100 ಬೀಟ್ ವೇಗದಲ್ಲಿ ಒಂದು ಹದಿನಾರನೇ ನೋಟ್ 150 ಮಿಲಿಸೆಕೆಂಡ್. ಅದರಲ್ಲಿ 15 ತಡವಾದರೆ ಹತ್ತರಲ್ಲೊಂದು ಪಾಲು. ಬ್ಯಾಲಡ್‌ನಲ್ಲಿ ಯಾರಿಗೂ ತಿಳಿಯದು, ಬಿಗಿಯಾದ ಫಂಕ್ ಸ್ಟ್ಯಾಬ್‌ನಲ್ಲಿ (ಏಟಿನಂಥ ಚುಟುಕು ಸ್ವರ) ಮೂವರೂ ನಿದ್ದೆಗಣ್ಣಲ್ಲಿ ನುಡಿಸಿದಂತೆ ಇರುತ್ತದೆ, ಬೈಗುಳ ಮಾತ್ರ ವಾದಕರ ಪಾಲಿಗೆ. ಪರೀಕ್ಷೆ ಸುಲಭ: ನುಡಿಸುವ ಮುಂಚೆ ಹೆಡ್‌ಫೋನನ್ನು ಮೈಕ್‌ಗೆ ತಾಗಿಸಿ ಹಿಡಿದು ಕ್ಲಿಕ್ಕನ್ನೇ ನಾಲ್ಕು ಬಾರ್ ರೆಕಾರ್ಡ್ ಮಾಡಿ ಆ ಫೈಲನ್ನೂ ಕಳಿಸಲಿ. ನೀವು ಮೂಲ ಕ್ಲಿಕ್ ಪಕ್ಕ ಇಟ್ಟು ಅಂತರ ಅಳೆಯಿರಿ. 720 ಸ್ಯಾಂಪಲ್ ತಡವಾಗಿದ್ದರೆ 15 ಮಿಲಿಸೆಕೆಂಡ್, ಅವರ ಎಲ್ಲ ಟೇಕ್‌ಗಳೂ ಅಷ್ಟೇ ಬೇಗ ಶುರುವಾಗುವಂತೆ ಸರಿಸಿ. ಕಣ್ಣಳತೆಯಲ್ಲಿ ಗ್ರಿಡ್‌ಗೆ ಎಳೆದು ಕೂರಿಸಬೇಡಿ, ಉಸಿರಿನ ಸಹಜ ಎಳೆತವೂ ಹೋಗಿಬಿಡುತ್ತದೆ.

ಶ್ರುತಿಗೂ ಒಂದು ಮಾತು. ಎಲೆಕ್ಟ್ರಿಕ್ ಪಿಯಾನೊ ಅಸಲಿ ರೋಡ್ಸ್ ಆಗಿದ್ದರೆ ಅದು ರೂಢಿಯ 440 ಹರ್ಟ್ಸ್ ಶ್ರುತಿಯಲ್ಲೇ ಇದೆ ಅಂತ ನಂಬಬೇಡಿ. ಟ್ಯೂನರ್ ಹಿಡಿದು ನೋಡಿ, ಐದಾರು ಸೆಂಟ್ (ಸೆಮಿಟೋನಿನ ನೂರರಲ್ಲೊಂದು ಪಾಲು) ಮೇಲಿದ್ದರೆ ಮೂವರಿಗೂ ಮೊದಲೇ ತಿಳಿಸಿ.

ಚಾರ್ಟ್ ಬರೆಯುವಾಗ ಗಿಟಾರಿಗೆ ಹಾಯಾದ ಇ ಮೈನರ್ ಟ್ರಂಪೆಟ್‌ಗೂ ಟೆನರ್‌ಗೂ ಎಫ್ ಶಾರ್ಪ್ ಮೈನರ್ ಆಗುತ್ತದೆ ಅನ್ನುವುದು ನೆನಪಿರಲಿ. ನುಡಿಸಲಾಗದು ಅಂತಲ್ಲ, ವೇಗದ ಹದಿನಾರನೇ ನೋಟ್‌ಗಳಲ್ಲಿ ಟೇಕ್‌ಗಳ ಸಂಖ್ಯೆ ಏರುತ್ತದೆ. ಒಂದು ಸೆಮಿಟೋನ್ ಕೆಳಗಿಳಿಸಿ ಇ ಫ್ಲಾಟ್ ಮೈನರ್ ಮಾಡಿದರೆ ಅವರಿಗೆ ಎಫ್ ಮೈನರ್, ಬೆರಳಿಗೆ ಹಗುರ. ಗಿಟಾರ್‌ನವರು ತಂತಿಗಳನ್ನು ಅರ್ಧ ಸ್ವರ ಇಳಿಸಿಕೊಳ್ಳಲಿ. ಟ್ರಾಂಬೋನ್‌ಗೆ ಟ್ರಾನ್ಸ್‌ಪೋಸ್ ಮಾಡುವುದು ಬೇಡ, ಬೇಸ್ ಕ್ಲೆಫ್‌ನಲ್ಲಿ ಇದ್ದ ಶ್ರುತಿಯಲ್ಲೇ ಬರೆಯಿರಿ.

ಲೆಡ್ಜರ್‌ಲೈನ್ ಅವರೇ, ಹಾರ್ನ್‌ಗೆ ಒಂದೇ ಸಲದ ಸಂಭಾವನೆ ಸಾಕು ಅಂದಿರಲ್ಲ, ಅದನ್ನು ಒಪ್ಪಲಾರೆ. ದೂರದಿಂದ ರೆಕಾರ್ಡ್ ಮಾಡುವವರ ಮೈಕ್, ಕೋಣೆ, ಎಡಿಟಿಂಗ್ ಸಮಯ ಎಲ್ಲ ಅವರದ್ದೇ. ಸಂಭಾವನೆಯ ಜೊತೆಗೆ ಅವರು ನುಡಿಸಿದ ಟ್ರ್ಯಾಕ್‌ಗಳಲ್ಲಿ ಮಾತ್ರ ಮಾಸ್ಟರ್‌ನ ಶೇ. 2 ಕೊಟ್ಟರೆ ಮೂವರಿಗೆ 6 ಆಯಿತು. ಅಷ್ಟಕ್ಕೆ ಯಾರೂ ಬಡವಾಗುವುದಿಲ್ಲ, ಮುಂದಿನ ಆಲ್ಬಮ್‌ಗೆ ಕರೆದಾಗ ಫೋನ್ ಎತ್ತುತ್ತಾರೆ.

ಲೆಡ್ಜರ್‌ಲೈನ್

ಟ್ರ್ಯಾಕ್‌ವಾರು ಶೇ. 2 ನ್ಯಾಯವೇ, ಹಿಂದೆ ಬರೆದದ್ದನ್ನು ತಿದ್ದಿಕೊಳ್ಳುತ್ತೇನೆ. ಆ 6 ಖರ್ಚು ಹಾಕಿದವರ 55ರಿಂದ ಹೋಗಲಿ, ಉಳಿದ ಮೂವರ 15 ಮುಟ್ಟಬೇಡಿ. ಕೆಲವು ವಿತರಕರಲ್ಲಿ (ಹಾಡನ್ನು ಸ್ಟ್ರೀಮಿಂಗ್ ಸೇವೆಗಳಿಗೆ ತಲುಪಿಸುವವರು) ಟ್ರ್ಯಾಕ್‌ಗೆ ತಕ್ಕಂತೆ ಪಾಲು ತಾನಾಗಿ ಹಂಚುವ ಸೌಲಭ್ಯವಿದೆ. ಆದರೆ ಪಾಲುದಾರರು ಆಹ್ವಾನದ ಮೇಲ್‌ಗೆ ಒಪ್ಪಿಗೆ ಒತ್ತದಿದ್ದರೆ ಹಣ ಅಲ್ಲೇ ಕೂತಿರುತ್ತದೆ, ಬಿಡುಗಡೆಗೆ ಮುಂಚೆ ಎಲ್ಲರೂ ಒತ್ತಿದ್ದಾರಾ ನೋಡಿಕೊಳ್ಳಿ.

ಹಾರ್ನ್‌ನವರ ಹೆಸರು ಸರಿಯಾಗಿ ದಾಖಲಾಗುವುದು ಇನ್ನೊಂದು ಕಾರಣಕ್ಕೂ ಮುಖ್ಯ. ಅಮೆರಿಕದಲ್ಲಿ ಇಂಟರ್ನೆಟ್ ರೇಡಿಯೋ ರೀತಿಯ ಪ್ರಸಾರಕ್ಕೆ ಸೌಂಡ್‌ಎಕ್ಸ್‌ಚೇಂಜ್ ವಸೂಲಿ ಮಾಡುವ ರಾಯಲ್ಟಿಯಲ್ಲಿ ಮಾಸ್ಟರ್ ಒಡೆಯರಿಗೆ 50, ಮುಖ್ಯ ಕಲಾವಿದರಿಗೆ 45, ಪಕ್ಕವಾದಕರ ನಿಧಿಗೆ 5 ಅಂತ ಹಂಚಿಕೆ. ಯಾವ ಟ್ರ್ಯಾಕ್‌ನಲ್ಲಿ ಯಾರು ಏನು ನುಡಿಸಿದರು ಅನ್ನುವ ಪಟ್ಟಿ ಇಲ್ಲದಿದ್ದರೆ ಆ 5ರಲ್ಲಿ ತಮ್ಮದನ್ನು ಕೇಳುವುದಕ್ಕೂ ಅವರಿಗೆ ಆಧಾರವಿರುವುದಿಲ್ಲ.

ತೋಡು33

46 ನಿಮಿಷ ಅಂದರೆ ಒಂದು ಬದಿಗೆ 23. ಹಿಡಿಸುತ್ತದೆ, ಆದರೆ ನಿಮಗೆ ಬೇಕಾದ ಫಂಕ್ ಅದರಲ್ಲಿ ಉಳಿಯುವುದಿಲ್ಲ. ಬೇಸ್ ಜೋರಿದ್ದಷ್ಟೂ ತೋಡು (ತಟ್ಟೆಯಲ್ಲಿ ಸೂಜಿ ಓಡುವ ಗೆರೆ) ಅಗಲ ತೂಗುತ್ತದೆ. ಜಾಗ ಸಾಲದಿದ್ದಾಗ ಕಟಿಂಗ್ ಎಂಜಿನಿಯರ್ ಒಟ್ಟು ಮಟ್ಟವನ್ನೇ ಇಳಿಸುತ್ತಾರೆ, ಆಗ ಸದ್ದು ಮೇಲ್ಮೈಯ ಕರಕರಕ್ಕೆ ಹತ್ತಿರವಾಗುತ್ತದೆ. 12 ಇಂಚಿನ ತಟ್ಟೆ 33⅓ ವೇಗದಲ್ಲಿ ಒಂದು ಬದಿಗೆ 18ರಿಂದ 20 ನಿಮಿಷ ನೆಮ್ಮದಿ. 45ರ ವೇಗದಲ್ಲಾದರೆ ಸುಮಾರು 12.

ಟ್ರ್ಯಾಕ್‌ಗಳ ಕ್ರಮ ಜೋಡಿಸುವಾಗ ಈ ಲೆಕ್ಕ ಮುಂದಿಟ್ಟುಕೊಳ್ಳಿ. ಹೊರ ಅಂಚಿನಲ್ಲಿ, ಅಂದರೆ ಮಧ್ಯದಿಂದ 14.6 ಸೆಂಟಿಮೀಟರ್ ದೂರದಲ್ಲಿ, ಸೂಜಿಯ ಕೆಳಗೆ ತೋಡು ಸೆಕೆಂಡಿಗೆ 51 ಸೆಂಟಿಮೀಟರ್ ಸರಿಯುತ್ತದೆ. ಒಳಗೆ 6 ಸೆಂಟಿಮೀಟರ್‌ಗೆ ಬಂದಾಗ ಬರೀ 21. ಅದೇ ಹೈ-ಹ್ಯಾಟ್ ಸದ್ದು ಅರ್ಧಕ್ಕಿಂತ ಕಡಿಮೆ ಉದ್ದದಲ್ಲಿ ಮುದುಡಿ ಕೂರಬೇಕು, ಸೂಜಿಗೆ ಅದನ್ನು ಓದಲು ಆಗದೆ ಚರಚರ ಅನ್ನುತ್ತದೆ. ಆದ್ದರಿಂದ ಹಾರ್ನ್ ಆರ್ಭಟದ ಟ್ರ್ಯಾಕ್ ಬದಿಯ ಮೊದಲಿಗೆ, ಮೆತ್ತಗಿನ ರೋಡ್ಸ್ ಟ್ಯೂನ್ ಕೊನೆಗೆ. ಕಛೇರಿಯಲ್ಲಿ ಅಬ್ಬರದ್ದನ್ನು ಕೊನೆಗಿಡುವ ಅಭ್ಯಾಸ ವಿನೈಲ್‌ನಲ್ಲಿ ಕೈ ಕೊಡುತ್ತದೆ.

ವಿನೈಲ್‌ಗೆ ಬೇರೆಯೇ ಮಾಸ್ಟರ್ (ಅಂತಿಮ ಫೈಲ್) ಮಾಡಿಸಿ: 24 ಬಿಟ್, ಲಿಮಿಟರ್ (ಜೋರಾದ ಏಟುಗಳನ್ನು ಅದುಮುವ ಸಾಧನ) ಹೆಚ್ಚುಕಡಿಮೆ ಇಲ್ಲದೆ. ಸುಮಾರು 150 ಹರ್ಟ್ಸ್‌ಗಿಂತ ಕೆಳಗಿನದು ಮಾನೊ ಆಗಿರಲಿ, ಬೇಸ್‌ಗೆ ಸ್ಟೀರಿಯೊ ಕೋರಸ್ ಎಫೆಕ್ಟ್ ಹಾಕಿದ್ದರೆ ಅದೇ ಸೂಜಿಯನ್ನು ಎತ್ತಿ ಎಸೆಯುತ್ತದೆ. ಗಾಯಕಿಯ ಸಕಾರಗಳನ್ನು 6ರಿಂದ 8 ಕಿಲೋಹರ್ಟ್ಸ್ ನಡುವೆ ಡಿ-ಎಸ್ಸರ್‌ನಿಂದ ತಗ್ಗಿಸಿ.

ಟೆಸ್ಟ್ ಪ್ರೆಸ್ಸಿಂಗ್ (ಪರೀಕ್ಷೆಗೆ ಮೊದಲು ಒತ್ತಿದ ಕೆಲವೇ ಪ್ರತಿ) ಬಂದಾಗ ಕನಿಷ್ಠ ಎರಡು ಪ್ರತಿ ಪೂರ್ತಿ ಕೇಳಿ, ಗಡಿಯಾರ ನೋಡಿ ಟಿಪ್ಪಣಿ ಮಾಡಿ. ಎರಡರಲ್ಲೂ ಅದೇ ಸೆಕೆಂಡಿಗೆ 'ಟಿಕ್' ಬಂದರೆ ದೋಷ ಲ್ಯಾಕರ್‌ನಲ್ಲೋ (ತೋಡು ಕೊರೆದ ಮೂಲ ತಟ್ಟೆ) ಸ್ಟ್ಯಾಂಪರ್‌ನಲ್ಲೋ (ಪ್ರತಿ ಒತ್ತುವ ಅಚ್ಚು) ಇದೆ, ತಿರಸ್ಕರಿಸಿ. ಒಂದರಲ್ಲಿ ಮಾತ್ರ ಇದ್ದರೆ ಆ ಪ್ರತಿಯ ದೂಳೋ ಗೀರೋ ಇರಬೇಕು. ರೋಡ್ಸ್‌ನ ಉದ್ದ ಕಾರ್ಡ್ ನಿಧಾನಕ್ಕೆ ತೂಗಾಡಿದಂತೆ ಕೇಳಿಸಿದರೆ ನಡುವಿನ ತೂತು ಸರಿಯಾದ ಜಾಗದಲ್ಲಿಲ್ಲ.

ಘೋಸ್ಟ್‌ನೋಟ್

ಎಲ್ಲರಿಗೂ ಧನ್ಯವಾದ. ಆರೂವರೆ ನಿಮಿಷದ ಒಂದು ಜಾಮ್ ಅನ್ನು ಡಿಜಿಟಲ್‌ಗೆ ಮಾತ್ರ ಇಟ್ಟರೆ ವಿನೈಲ್ 39:30ಕ್ಕೆ ಇಳಿಯುತ್ತದೆ. ಎ ಬದಿ 19:10, ಬಿ ಬದಿ 20:20. ಸ್ಟ್ರೀಮಿಂಗ್ ಮಾಸ್ಟರ್ ಎಷ್ಟು ಜೋರಿರಬೇಕು? ಇನ್ನೊಂದು, ಒಂದು ಟ್ಯೂನ್‌ಗೆ 50 ಸೆಕೆಂಡಿನ ತಾಳವಿಲ್ಲದ ಪಿಯಾನೊ ಪೀಠಿಕೆ ಇದೆ. ಅದನ್ನು ಪ್ರತ್ಯೇಕ ಟ್ರ್ಯಾಕ್ ಮಾಡಬೇಕೇ?

ಕ್ಯಾಟಲಾಗ್‌ನಂಬರ್

ಪೀಠಿಕೆಯನ್ನು ಒಡೆಯಬೇಡಿ. ಸ್ಪಾಟಿಫೈನಲ್ಲಿ 30 ಸೆಕೆಂಡ್ ದಾಟಿದರಷ್ಟೇ ಅದು ಒಂದು ಸ್ಟ್ರೀಮ್. ಸ್ವಂತ ಬಿಡುಗಡೆಯನ್ನೇ ನಂಬಿದ ಫಂಕ್ ತಂಡ ವುಲ್ಫ್‌ಪೆಕ್ 2014ರಲ್ಲಿ ಇದನ್ನೇ ಹಿಡಿದು, 30 ಸೆಕೆಂಡಿಗಿಂತ ತುಸು ಉದ್ದದ ಹತ್ತು ಮೌನದ ಟ್ರ್ಯಾಕ್‌ಗಳ 'ಸ್ಲೀಪಿಫೈ' ಹೊರತಂದು ರಾಯಲ್ಟಿ ಎಣಿಸಿಕೊಂಡಿತ್ತು. ಆ ಜಾಣತನದ ಕಾಲ ಮುಗಿದಿದೆ: 2024ರಿಂದ ಅಲ್ಲಿ 12 ತಿಂಗಳಲ್ಲಿ 1,000 ಸ್ಟ್ರೀಮ್ ಆಗದ ಟ್ರ್ಯಾಕ್‌ಗೆ ರಾಯಲ್ಟಿಯೇ ಇಲ್ಲ. ಪೀಠಿಕೆ ಪ್ರತ್ಯೇಕವಾದರೆ ಆ ಗಡಿಯ ಕೆಳಗೇ ಕೊಳೆಯುವ ಸಾಧ್ಯತೆ ಹೆಚ್ಚು. ಆಲ್ಬಮ್‌ನಲ್ಲಿ ಪೂರ್ತಿ ಟ್ಯೂನ್ ಇರಲಿ, ಸಿಂಗಲ್‌ಗೆ ಪೀಠಿಕೆ ತೆಗೆದ ಎಡಿಟ್ ಬಿಡಿ. ಎಡಿಟ್‌ಗೆ ಹೊಸ ಐಎಸ್‌ಆರ್‌ಸಿ (ಪ್ರತಿ ರೆಕಾರ್ಡಿಂಗ್‌ನ ಗುರುತು ಸಂಖ್ಯೆ) ಬೇಕು.

ಬೇರೆ ಸಿಂಗಲ್‌ಗಳನ್ನು ಆಲ್ಬಮ್‌ಗೆ ಮುಂಚೆ ಬಿಡುವುದಾದರೆ ಆಲ್ಬಮ್ ಅಪ್‌ಲೋಡ್ ಮಾಡುವಾಗ ಅದೇ ಆಡಿಯೊ ಫೈಲ್, ಅದೇ ಐಎಸ್‌ಆರ್‌ಸಿ ಕೊಡಿ, ಸ್ಟ್ರೀಮ್ ಎಣಿಕೆ ಒಂದಾಗುತ್ತದೆ. ನಡುವೆ ಮಾಸ್ಟರ್ ಬದಲಿಸಿ ಹಾಡಿನ ಉದ್ದ ಎರಡು ಸೆಕೆಂಡ್ ಹೆಚ್ಚುಕಡಿಮೆ ಆದರೂ ಜೋಡಣೆ ತಪ್ಪಬಹುದು.

ಜೋರು: ಸ್ಪಾಟಿಫೈ ಸಾಮಾನ್ಯವಾಗಿ -14 ಎಲ್‌ಯುಎಫ್‌ಎಸ್‌ಗೆ (ಕಿವಿಗೆ ಕೇಳುವ ಜೋರಿನ ಅಳತೆ), ಆಪಲ್ ಮ್ಯೂಸಿಕ್ -16ಕ್ಕೆ ಸರಿಹೊಂದಿಸುತ್ತದೆ. ನೀವು -9ಕ್ಕೆ ಅದುಮಿ ಕೊಟ್ಟರೆ ಸ್ಪಾಟಿಫೈ 5 ಡೆಸಿಬೆಲ್ ಇಳಿಸುತ್ತದೆ ಅಷ್ಟೇ, ಲಿಮಿಟರ್ ಬೋಳಿಸಿದ ಸ್ನೇರ್‌ನ ಏಟು ವಾಪಸು ಬರುವುದಿಲ್ಲ. ಹಾಗಂತ -14ನ್ನೇ ಗುರಿಯಾಗಿ ಹಿಡಿಯಬೇಕೆಂದೂ ಇಲ್ಲ. ಡ್ರಮ್ಸ್ ಏಟು ಜೀವಂತವಿರುವಲ್ಲಿಗೆ ನಿಲ್ಲಿಸಿ, ಟ್ರೂ ಪೀಕ್ (ಸದ್ದಿನ ಗರಿಷ್ಠ ಮಟ್ಟ) -1 ಡೆಸಿಬೆಲ್ ದಾಟದಿರಲಿ.

ಹೆಸರುಗಳ ಕಡೆ ಗಮನ ಕೊಡಿ. ಏಳೂ ಜನರನ್ನು ಆಲ್ಬಮ್ ಮಟ್ಟದಲ್ಲಿ ಮುಖ್ಯ ಕಲಾವಿದರು ಅಂತ ತುಂಬಿದರೆ ಕೆಲವು ಸೇವೆಗಳಲ್ಲಿ ಅದು 'ವೇರಿಯಸ್ ಆರ್ಟಿಸ್ಟ್ಸ್' ಆಗಿಬಿಡುತ್ತದೆ, ಯಾರ ಪುಟದಲ್ಲೂ ನೆಟ್ಟಗೆ ಕಾಣುವುದಿಲ್ಲ. ತಂಡದ ಹೆಸರು ಮುಖ್ಯ, ಗಾಯಕಿ ಆ ಒಂದು ಟ್ರ್ಯಾಕ್‌ಗೆ ಫೀಚರ್ಡ್, ಉಳಿದವರು ವಾದ್ಯದ ಸಮೇತ ಪರ್ಫಾರ್ಮರ್ ಕಾಲಂನಲ್ಲಿ. ಹಾಡಿನ ಶೀರ್ಷಿಕೆಯಲ್ಲಿ ಗಾಯಕಿಯ ಹೆಸರನ್ನು ಕೈಯಾರೆ ಟೈಪ್ ಮಾಡಬೇಡಿ, ವಿತರಕರ ವ್ಯವಸ್ಥೆ ತಾನೇ ಸೇರಿಸಿ ಎರಡೆರಡು ಸಲ ಬರುತ್ತದೆ. ಅದೇ ಹೆಸರಿನ ಬೇರೆ ಕಲಾವಿದರ ಪುಟಕ್ಕೆ ಹೋಗದಂತೆ ಪ್ರೊಫೈಲ್ ಲಿಂಕ್ ಕೊಟ್ಟು ಜೋಡಿಸಿ.

ದಿನಾಂಕ ವಿನೈಲ್ ಮೇಲೆ ನಿಂತಿದೆ. ಟೆಸ್ಟ್ ಪ್ರೆಸ್ಸಿಂಗ್ ಒಪ್ಪುವವರೆಗೆ ಬಿಡುಗಡೆಯ ದಿನ ಸಾರಬೇಡಿ. ಒಪ್ಪಿದ ಮೇಲೆ ಕಾರ್ಖಾನೆ ಹೇಳುವ ದಿನಕ್ಕೆ ಇನ್ನೂ ಒಂದು ತಿಂಗಳು ಸೇರಿಸಿ ದಿನ ಇಟ್ಟುಕೊಳ್ಳಿ. ಡಿಜಿಟಲ್ ಫೈಲ್ ಬಿಡುಗಡೆಗೆ ನಾಲ್ಕು ವಾರ ಮುಂಚೆ ವಿತರಕರ ಕೈಯಲ್ಲಿರಲಿ. ಸ್ಪಾಟಿಫೈ ಪ್ಲೇಲಿಸ್ಟ್ ಸಂಪಾದಕರಿಗೆ ಪಿಚ್ ಮಾಡಲು (ನಮ್ಮ ಹಾಡು ಸೇರಿಸಿ ಅಂತ ಕೇಳಲು) ಕೊನೆಯ ಗಡುವು ಏಳು ದಿನ ಮುಂಚೆ, ಆದರೆ ಅಲ್ಲಿಯವರೆಗೆ ಕಾಯುವುದು ಬೇಡ. ಒಂದು ಸಲಕ್ಕೆ ಒಂದೇ ಹಾಡು ಪಿಚ್ ಮಾಡಲು ಆಗುವುದು, ಗಾಯಕಿಯ ಟ್ರ್ಯಾಕನ್ನೇ ಕೊಡಿ.

ಹಾಡು, ತಟ್ಟೆ ಮಾರುವ ತಾಣ ಬ್ಯಾಂಡ್‌ಕ್ಯಾಂಪ್ ಡಿಜಿಟಲ್ ಮಾರಾಟದಲ್ಲಿ ಶೇ. 15, ವಿನೈಲ್ ಮತ್ತು ಸಿ.ಡಿ.ಯಲ್ಲಿ ಶೇ. 10 ಹಿಡಿಯುತ್ತದೆ, ಪಾವತಿ ಶುಲ್ಕ ಬೇರೆ. ವಿನೈಲ್‌ನಲ್ಲಿಲ್ಲದ ಆ ಜಾಮ್ ಅನ್ನು ತಟ್ಟೆ ಕೊಂಡವರಿಗೆ ಡೌನ್‌ಲೋಡ್ ಕೋಡ್ ಜೊತೆ ಸಿಗುವ ಹಾಗೆ ಮಾಡಿ.

ಘೋಸ್ಟ್‌ನೋಟ್

ಕೊನೆಯದೊಂದು. ಆ ಜಾಮ್ ವಿನೈಲ್‌ನಲ್ಲಿ ಇಲ್ಲವಲ್ಲ, ವಿನೈಲ್ ಆದಾಯದಲ್ಲಿ ಟ್ರ್ಯಾಕ್‌ವಾರು ಪಾಲು ಹೇಗೆ ಲೆಕ್ಕ ಹಾಕುವುದು?

ಲೆಡ್ಜರ್‌ಲೈನ್

ವಿನೈಲ್‌ಗೆ ಏಳೇ ಟ್ರ್ಯಾಕ್, ನಿವ್ವಳ ಆದಾಯವನ್ನು ಏಳರಿಂದ ಭಾಗಿಸಿ ಪ್ರತಿ ಭಾಗಕ್ಕೂ ಆ ಟ್ರ್ಯಾಕ್‌ನ ಮಾಸ್ಟರ್ ಕಾಲಂ ಅನ್ವಯಿಸಿ. ನಿಮಿಷದ ಲೆಕ್ಕ ಹಿಡಿಯಬೇಡಿ, ಉದ್ದ ಸೋಲೋ ನುಡಿಸಿದವರಿಗೆ ಲಾಭ ಅಂತಾಗುತ್ತದೆ. ಡೌನ್‌ಲೋಡ್ ಕೋಡ್‌ನಿಂದ ಜಾಮ್ ಕೂಡ ಸಿಗುತ್ತದೆ ನಿಜ, ಅದಕ್ಕೆ ಪ್ರತ್ಯೇಕ ಹಣ ಬರುವುದಿಲ್ಲವಾದ್ದರಿಂದ ಭಾಗಿಸುವ ಸಂಖ್ಯೆ ಏಳೇ ಇರುತ್ತದೆ ಅಂತ ಹಾಳೆಯಲ್ಲಿ ಒಂದು ಸಾಲು ಬರೆದುಬಿಡಿ. ಸ್ಟ್ಯಾಂಡರ್ಡ್‌ನ ಮೆಕ್ಯಾನಿಕಲ್ ಪರವಾನಗಿ ಶುಲ್ಕವನ್ನು ಭಾಗಿಸುವ ಮುಂಚೆಯೇ ಕಳೆಯಿರಿ.